ಗಾಂಜಾ ಇಲ್ಲದ ಹತ್ತು ರಾತ್ರಿಗಳು

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ಹಳ್ಳಿಯವನು. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಮೂರನೆಯ ವರ್ಷ ಓದುತ್ತಿದ್ದೇನೆ. ಟಿಳಕವಾಡಿಯಲ್ಲಿ ಇಬ್ಬರು ಗೆಳೆಯರ ಜೊತೆ ರೂಮು ಮಾಡಿಕೊಂಡಿದ್ದೇನೆ. ಹೋದ ವರ್ಷ ಪರೀಕ್ಷೆಯ ಹೊತ್ತಿಗೆ ರಾತ್ರಿ ಎರಡು, ಮೂರು ಗಂಟೆಯಾದರೂ ನಿದ್ದೆ ಹತ್ತುತ್ತಿರಲಿಲ್ಲ. ಒಂದು ರಾತ್ರಿ ರೂಮಿನ ಗೆಳೆಯ ಸಿಗರೇಟಿನ ತಂಬಾಕು ಅರ್ಧ ಉದುರಿಸಿ, ಗಾಂಜಾ ಬೆರೆಸಿ ಕೊಟ್ಟ. ಹದಿನೈದು ನಿಮಿಷದಲ್ಲಿ ಮಲಗಿದೆ. ಈಗ ಹದಿನಾಲ್ಕು ತಿಂಗಳಾಯಿತು. ದಿನಾ ರಾತ್ರಿ ಒಂದು, ಕೆಲವೊಮ್ಮೆ ಎರಡು ಬೇಕೇ ಬೇಕು. ಎರಡು ಗಂಟೆಗೆ ಮಲಗಿ ಎಂಟೂವರೆಗೆ ಏಳುತ್ತೇನೆ, ಆದರೆ ತಲೆ ಭಾರವಾಗಿರುತ್ತದೆ. ಮೊದಲ ಕ್ಲಾಸು ತಪ್ಪುತ್ತದೆ, ಮಧ್ಯಾಹ್ನ ಎರಡು ತಾಸು ಮಲಗುತ್ತೇನೆ. ದೀಪಾವಳಿಗೆ ಊರಿಗೆ ಹೋದಾಗ ಹತ್ತು ರಾತ್ರಿ ಮುಟ್ಟಲಿಲ್ಲ. ಎರಡನೆಯ ರಾತ್ರಿಯಿಂದ ಕಣ್ಣಿಗೆ ಕಣ್ಣು ಹತ್ತಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುವುದನ್ನು ಎಣಿಸುತ್ತ ಬಿದ್ದಿರುತ್ತಿದ್ದೆ. ನಸುಕಿನಲ್ಲಿ ಜೋಂಪು ಹತ್ತಿದರೆ ಅಂಜಿಕೆ ಬರುವಂಥ ಕನಸು. ಒಮ್ಮೆ ಚೀರಿದೆನಂತೆ, ದಿಂಬು ಬೆವರಿನಿಂದ ತೊಯ್ದಿತ್ತು. ಅವ್ವ ‘ಏನರೆ ಕಂಡು ಅಂಜ್ಯಾನ’ ಎಂದು ಉಪ್ಪು, ಒಣ ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಬೆಳಗಾವಿಗೆ ಬಂದ ರಾತ್ರಿಯೇ ಸೇದಿದೆ, ನಿದ್ದೆ ಬಂತು. ಹಾಗಾದರೆ ನನ್ನದು ಮೂಲದಿಂದಲೇ ಇರುವ ನಿದ್ರಾಹೀನತೆ, ಅದಕ್ಕೆ ಗಾಂಜಾನೇ ಔಷಧ ಎಂದು ತಿಳಿಯಬೇಕೇ? ಜನವರಿಯ ಪರೀಕ್ಷೆಗೆ ಏಳು ವಾರ ಉಳಿದಿವೆ. ಪರೀಕ್ಷೆ ಹತ್ತಿರ ಬಂದಾಗ ಬಿಡಲೇ, ಮುಗಿದ ಮೇಲೆ ಬಿಡಲೇ? ಇದನ್ನು ಅವ್ವನಿಗೆ ಹೇಳಬೇಕೇ?

ಉತ್ತರ: ದಿನ, ತಾಸು, ಲೆಕ್ಕ ಎಲ್ಲವನ್ನೂ ಬಿಡದೆ ಬರೆದಿದ್ದೀರಿ. ಹೊರರೋಗಿ ವಿಭಾಗದಲ್ಲಿ ಎದುರಿಗೆ ಕುಳಿತವರಿಂದಲೂ ನಮಗೆ ಇಷ್ಟು ವಿವರ ಮೊದಲ ಭೇಟಿಯಲ್ಲಿ ಸಿಗುವುದು ಅಪರೂಪ. ಆದ್ದರಿಂದ ನೇರವಾಗಿಯೇ ಹೇಳುತ್ತೇನೆ. ಊರಿನಲ್ಲಿ ಕಳೆದ ಆ ಹತ್ತು ರಾತ್ರಿಗಳನ್ನು ನೀವು ಗಾಂಜಾದ ಪರವಾದ ಸಾಕ್ಷಿಯೆಂದು ಓದಿಕೊಂಡಿದ್ದೀರಿ. ನಾನು ಅವನ್ನೇ ಅದರ ವಿರುದ್ಧದ ಸಾಕ್ಷಿಯೆಂದು ಓದುತ್ತೇನೆ. ಹದಿನಾಲ್ಕು ತಿಂಗಳು ದಿನವೂ ಸೇದಿದ ಮೇಲೆ ಒಮ್ಮೆಲೇ ನಿಂತಾಗ ದೇಹ ಹೇಗೆ ವರ್ತಿಸುತ್ತದೆಯೋ ಹಾಗೆಯೇ ನಿಮ್ಮ ದೇಹ ವರ್ತಿಸಿದೆ, ಮತ್ತು ಬೆಳಗಾವಿಗೆ ಮರಳಿದ ರಾತ್ರಿ ಗಾಂಜಾ ನಿಮಗೆ ಕೊಟ್ಟ ನಿದ್ದೆ, ಬಹುಮಟ್ಟಿಗೆ ಅದೇ ಕಸಿದುಕೊಂಡಿದ್ದ ನಿದ್ದೆ.

ನಮ್ಮ ಭಾಗದ ಮಾತಿನಲ್ಲಿ ‘ನಿದ್ದೆ ಹತ್ತುವುದು’ ಮತ್ತು ‘ನಿದ್ದೆ ಆಗುವುದು’ ಎಂಬ ಎರಡು ಬೇರೆ ಮಾತುಗಳಿವೆ. ಬೆಳಿಗ್ಗೆ ಎದ್ದವರನ್ನು ನಾವು ‘ನಿದ್ದಿ ಹತ್ತಿತ್ತೇನು’ ಎಂದು ಕೇಳುವುದಿಲ್ಲ, ‘ನಿದ್ದಿ ಆತೇನು’ ಎಂದು ಕೇಳುತ್ತೇವೆ. ನಿದ್ರಾವಿಜ್ಞಾನವು ಪುಟಗಟ್ಟಲೆ ವಿವರಿಸುವ ವ್ಯತ್ಯಾಸವನ್ನು ಈ ಎರಡು ಕ್ರಿಯಾಪದಗಳು ಆಗಲೇ ಮಾಡಿಟ್ಟಿವೆ. ನಿಮ್ಮ ಪತ್ರದಲ್ಲಿ ಗಾಂಜಾದಿಂದ ನಿದ್ದೆ ಹತ್ತಿದ ವಿವರ ಎರಡು ಕಡೆ ಇದೆ, ನಿದ್ದೆ ಆದ ವಿವರ ಒಂದು ಕಡೆಯೂ ಇಲ್ಲ. ತಲೆ ಭಾರ, ತಪ್ಪಿದ ಮೊದಲ ಕ್ಲಾಸು, ಮಧ್ಯಾಹ್ನದ ಎರಡು ತಾಸಿನ ನಿದ್ದೆ, ಇವು ಆರೂವರೆ ತಾಸು ಮಲಗಿದರೂ ನಿದ್ದೆ ಆಗದವನ ಲಕ್ಷಣಗಳು.

ಇದು ಏಕೆ ಹೀಗೆ ಎಂಬುದನ್ನು ತಿಳಿಯಲು ರಾತ್ರಿಯ ನಿದ್ದೆ ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ನಿದ್ದೆ ಒಂದೇ ಸಮನೆ ಹರಿಯುವುದಿಲ್ಲ. ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಅದು ಸಾಗುತ್ತದೆ, ಮತ್ತು ಇಂಥ ನಾಲ್ಕೈದು ಸುತ್ತುಗಳು ಸೇರಿ ಒಂದು ರಾತ್ರಿಯಾಗುತ್ತದೆ. ಮೊದಲಿನ ಸುತ್ತುಗಳಲ್ಲಿ ಗಾಢನಿದ್ರೆಯ ಪಾಲು ಹೆಚ್ಚು. ಬೆಳಗಿನ ಜಾವ ಹತ್ತಿರವಾದಂತೆ, ಕಣ್ಣುಗುಡ್ಡೆಗಳು ರೆಪ್ಪೆಯ ಕೆಳಗೆ ವೇಗವಾಗಿ ಓಡಾಡುವ, ಸ್ಪಷ್ಟವಾದ ಕನಸುಗಳು ಬೀಳುವ ರೆಮ್ ನಿದ್ರೆಯ ಪಾಲು ಹೆಚ್ಚು. ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಈ ರೆಮ್ ನಿದ್ರೆಯನ್ನು 1953ರಲ್ಲಿ ಮೊದಲು ವರದಿ ಮಾಡಿದರು. ಹಗಲಿನಲ್ಲಿ ಕಲಿತದ್ದು ಗಟ್ಟಿಯಾಗುವುದರಲ್ಲಿ ಗಾಢನಿದ್ರೆಗೂ ರೆಮ್ ನಿದ್ರೆಗೂ ತಮ್ಮತಮ್ಮ ಪಾತ್ರವಿದೆ, ಮನಸ್ಸಿನ ಏರಿಳಿತ ಸಮಾಧಾನಕ್ಕೆ ಬರುವುದರಲ್ಲಿ ರೆಮ್ ನಿದ್ರೆಗೆ ಪಾತ್ರವಿದೆ ಎಂದು ತಿಳಿಯಲಾಗಿದೆ. ಇನ್ನು ನಿದ್ದೆ ಯಾವಾಗ ಹತ್ತಬೇಕು ಎಂಬುದನ್ನು ಎರಡು ಶಕ್ತಿಗಳು ನಿರ್ಧರಿಸುತ್ತವೆ. ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಶೇಖರವಾಗುತ್ತ ನಿದ್ದೆಯ ಒತ್ತಡ ಏರುತ್ತದೆ. ಇನ್ನೊಂದು ಕಡೆ ಬೆಳಕಿನಿಂದ ಹೊಂದಿಸಿಕೊಳ್ಳುವ ದೇಹದ ಗಡಿಯಾರ ಇರುತ್ತದೆ. ಹದಿಹರೆಯದ ಕೊನೆಯಲ್ಲಿ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ ಈ ಗಡಿಯಾರ ಸಹಜವಾಗಿಯೇ ತಡವಾಗಿ ಓಡುತ್ತದೆ. ಹನ್ನೊಂದಕ್ಕೆ ನಿದ್ದೆ ಬಾರದ ಇಪ್ಪತ್ತರ ಹುಡುಗನನ್ನು ಸೋಮಾರಿ ಎಂದು ಬಯ್ಯುವ ಹಿರಿಯರು ಈ ಮಾತನ್ನು ಗಮನಿಸಬೇಕು.

ನಿಮ್ಮ ಹೋದ ವರ್ಷದ ನಿದ್ರಾಹೀನತೆಯನ್ನು ಈ ಬೆಳಕಿನಲ್ಲಿ ನೋಡಿ. ಪರೀಕ್ಷೆಯ ಆತಂಕ, ತಡವಾಗಿ ಓಡುವ ಗಡಿಯಾರ, ರಾತ್ರಿ ಓದಲೆಂದು ಕುಡಿದ ಚಹಾ, ಮುಖದ ಮೇಲೆ ಮೊಬೈಲಿನ ಬೆಳಕು, ಇಷ್ಟಿದ್ದರೆ ಎರಡು ಗಂಟೆಯವರೆಗೆ ನಿದ್ದೆ ಹತ್ತದಿರುವುದಕ್ಕೆ ಹುಟ್ಟಿನ ದೋಷ ಬೇಕಾಗಿಲ್ಲ. ಅದು ಪರೀಕ್ಷೆ ಮುಗಿದ ಮೇಲೆ ತಾನಾಗಿ ಸರಿಹೋಗುವ ಸಾಧ್ಯತೆ ಹೆಚ್ಚಿತ್ತು. ಆದರೆ ಸರಿಹೋಗುವುದಕ್ಕೆ ಮೊದಲೇ ಗಾಂಜಾ ಬಂತು.

ಗಾಂಜಾದಲ್ಲಿ ಅಮಲು ತರುವ ಮುಖ್ಯ ವಸ್ತು ಟಿಎಚ್‌ಸಿ. ಇದನ್ನು ಇಸ್ರೇಲಿನ ರಾಫೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೊನಿ 1964ರಲ್ಲಿ ಬೇರ್ಪಡಿಸಿದರು. ಈ ವಸ್ತು ಮಿದುಳಿನ ಕೆಲವು ಗ್ರಾಹಕಗಳಿಗೆ, ಅಂದರೆ ಜೀವಕೋಶಗಳ ಮೇಲೆ ಸಂಕೇತಗಳನ್ನು ಹಿಡಿದುಕೊಳ್ಳುವ ಭಾಗಗಳಿಗೆ, ಹೋಗಿ ಅಂಟಿಕೊಳ್ಳುತ್ತದೆ. ಆ ಗ್ರಾಹಕಗಳಿಗಾಗಿ ನಮ್ಮ ಮಿದುಳು ತಾನೇ ತಯಾರಿಸುವ ವಸ್ತುವೊಂದು 1992ರಲ್ಲಿ ಮೆಶೂಲಮ್ ಅವರ ಪ್ರಯೋಗಾಲಯದಲ್ಲಿ ಪತ್ತೆಯಾದಾಗ, ಅದಕ್ಕೆ ನಮ್ಮ ‘ಆನಂದ’ ಎಂಬ ಸಂಸ್ಕೃತ ಪದವನ್ನೇ ತೆಗೆದುಕೊಂಡು ಆನಂದಮೈಡ್ ಎಂದು ಹೆಸರಿಟ್ಟರು. ಅಂದರೆ ನಿದ್ದೆ, ಹಸಿವು, ನೆನಪು, ಭಯ ಇವನ್ನೆಲ್ಲ ಹದದಲ್ಲಿಡುವ ಒಂದು ಏರ್ಪಾಡು ನಮ್ಮೊಳಗೆ ಮೊದಲೇ ಇದೆ. ಗಾಂಜಾ ಹೊರಗಿನಿಂದ ಬಂದು ಅದೇ ಬಾಗಿಲುಗಳನ್ನು ಜೋರಾಗಿ ಬಡಿಯುತ್ತದೆ.

ಮೊದಲ ದಿನಗಳಲ್ಲಿ ಟಿಎಚ್‌ಸಿ ನಿದ್ದೆ ಹತ್ತುವ ಸಮಯವನ್ನು ಕಡಿಮೆ ಮಾಡುವುದು ನಿಜ. ನಿಮ್ಮ ಗೆಳೆಯ ಸುಳ್ಳು ಹೇಳಲಿಲ್ಲ. ರಾತ್ರಿಯ ಮೊದಲ ಭಾಗದ ಗಾಢನಿದ್ರೆಯನ್ನು ಅದು ಕೊಂಚ ಹೆಚ್ಚಿಸಲೂಬಹುದು. ಆದರೆ ಅದೇ ಹೊತ್ತಿಗೆ ರೆಮ್ ನಿದ್ರೆಯನ್ನು ಅದುಮುತ್ತದೆ. ದಿನಾ ಸೇದುವವರು ‘ನನಗೆ ಕನಸೇ ಬೀಳುವುದಿಲ್ಲ, ಕಲ್ಲಿನ ಹಾಗೆ ಮಲಗುತ್ತೇನೆ’ ಎಂದು ಹೆಮ್ಮೆಯಿಂದ ಹೇಳುವುದನ್ನು ನಾನು ಮೇಲಿಂದ ಮೇಲೆ ಕೇಳಿದ್ದೇನೆ. ಅದು ನಿದ್ದೆಯ ಒಂದು ಭಾಗ ಕಾಣೆಯಾಗಿದೆ ಎಂಬ ದೂರು ಎಂದು ಅವರಿಗೆ ತಿಳಿದಿರುವುದಿಲ್ಲ. ಮುಂದೆ ವಾರಗಳು ಕಳೆದಂತೆ ಮಿದುಳು ಈ ಬಡಿತಕ್ಕೆ ಒಗ್ಗಿಕೊಳ್ಳುತ್ತದೆ. ಗ್ರಾಹಕಗಳ ಸಂಖ್ಯೆಯನ್ನೇ ಅದು ಇಳಿಸುತ್ತದೆ. ಆಗ ಒಂದು ಸಾಲದೆ ಎರಡು ಬೇಕಾಗುತ್ತದೆ, ಬೇಗ ನಿದ್ದೆ ಹತ್ತಿಸುವ ಗುಣವೂ ಸವೆಯುತ್ತದೆ, ನಡುರಾತ್ರಿ ಎಚ್ಚರಗಳು ಸೇರಿಕೊಳ್ಳುತ್ತವೆ. ಗ್ರಾಹಕಗಳು ಕಡಿಮೆಯಾದ ಮಿದುಳಿನಲ್ಲಿ ದೇಹದ ಸ್ವಂತ ಆನಂದಮೈಡ್ ಕೂಡ ಮೊದಲಿನಷ್ಟು ಕೆಲಸ ಮಾಡಲಾರದು. ನೀವು ಊರಿಗೆ ಹೋದಾಗ ಇದ್ದ ಸ್ಥಿತಿ ಇದು.

ಈಗ ಆ ಹತ್ತು ರಾತ್ರಿಗಳಿಗೆ ಬರೋಣ. ಹಲವು ತಿಂಗಳು ದಿನವೂ ಸೇದಿದವರು ಬಿಟ್ಟಾಗ ಕಾಣುವ ತೊಂದರೆಗಳಿಗೆ ವೈದ್ಯರು ವಿತ್‌ಡ್ರಾವಲ್ ಎನ್ನುತ್ತಾರೆ. ಗಾಂಜಾಕ್ಕೆ ಇಂಥದ್ದು ಇಲ್ಲ, ಅದು ಹೆಂಡ, ಅಫೀಮುಗಳಿಗೆ ಮಾತ್ರ ಎಂಬ ನಂಬಿಕೆ ವೈದ್ಯರಲ್ಲಿಯೂ ಬಹುಕಾಲ ಇತ್ತು. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯಲ್ಲಿ ಅದು ಸ್ಪಷ್ಟವಾದ ರೋಗನಿರ್ಣಯವಾಗಿ ಸೇರಿತು. ಸಿಡುಕು, ಆತಂಕ, ನಿದ್ದೆಗೇಡು ಮತ್ತು ಕೆಟ್ಟ ಕನಸು, ಹಸಿವಿಲ್ಲದಿರುವುದು, ಚಡಪಡಿಕೆ, ಮಂಕು, ಜೊತೆಗೆ ಬೆವರು, ನಡುಕ, ತಲೆನೋವಿನಂಥ ದೇಹದ ತೊಂದರೆಗಳು ಅದರ ಪಟ್ಟಿಯಲ್ಲಿವೆ. ಇವು ಬಿಟ್ಟ ಒಂದರಿಂದ ಮೂರು ದಿನಗಳಲ್ಲಿ ಆರಂಭವಾಗಿ, ಮೊದಲ ವಾರದಲ್ಲಿ ತುತ್ತತುದಿ ಮುಟ್ಟಿ, ಸಾಮಾನ್ಯವಾಗಿ ಎರಡು ವಾರಗಳಲ್ಲಿ ಇಳಿಯುತ್ತವೆ; ನಿದ್ದೆಯ ತೊಂದರೆ ಮಾತ್ರ ತಿಂಗಳವರೆಗೆ, ಕೆಲವರಲ್ಲಿ ಇನ್ನೂ ಸ್ವಲ್ಪ ಹೆಚ್ಚು ಎಳೆಯಬಹುದು. ನಿಮ್ಮ ಪತ್ರವನ್ನು ಈ ಸಾಲುಗಳ ಪಕ್ಕದಲ್ಲಿಟ್ಟು ಓದಿ. ಎರಡನೆಯ ರಾತ್ರಿಯಿಂದ ನಿದ್ದೆ ಹೋಯಿತು, ನಸುಕಿನಲ್ಲಿ ಕನಸು ಬಿತ್ತು, ದಿಂಬು ತೊಯ್ದಿತು. ಕನಸು ನಸುಕಿನಲ್ಲಿಯೇ ಬಿದ್ದದ್ದು ಆಕಸ್ಮಿಕವಲ್ಲ. ರೆಮ್ ನಿದ್ರೆಯ ಹೊತ್ತು ಅದೇ. ತಿಂಗಳುಗಟ್ಟಲೆ ಅದುಮಿಟ್ಟಿದ್ದ ಅದು ಒಡ್ಡು ಒಡೆದ ಕೆರೆಯ ಹಾಗೆ ನುಗ್ಗಿ ಬಂದಾಗ ಕನಸುಗಳು ಹೆಚ್ಚು, ಉದ್ದ ಮತ್ತು ಭಯಂಕರವಾಗಿರುತ್ತವೆ. ನಿಮ್ಮ ತಾಯಿಯವರು ಮಗ ಅಂಜಿದ್ದಾನೆ ಎಂದು ಗುರುತಿಸಿದ್ದು ಸರಿಯಾಗಿಯೇ ಇತ್ತು, ಕಾರಣ ಮಾತ್ರ ಬೇರೆ ಇತ್ತು.

ದುಃಖದ ಸಂಗತಿಯೆಂದರೆ, ನೀವು ಹತ್ತು ರಾತ್ರಿಗಳ ಕಷ್ಟವನ್ನು ಪೂರ್ತಿ ಅನುಭವಿಸಿ, ಅದು ಇಳಿಮುಖವಾಗುವ ಹೊತ್ತಿಗೆ ಸರಿಯಾಗಿ ಮತ್ತೆ ಸೇದಿದಿರಿ. ಬಿಡಬೇಕೆಂದು ಹೊರಟವರಲ್ಲಿ ಬಹಳ ಜನ ಮರಳಿ ಬೀಳುವುದು ಇದೇ ಜಾಗದಲ್ಲಿ, ಇದೇ ಕಾರಣಕ್ಕೆ. ಸೇದಿದ ಕೂಡಲೇ ನಿದ್ದೆ ಬರುತ್ತದೆ, ನಿದ್ದೆ ಬಂದದ್ದರಿಂದ ‘ಇದು ನನಗೆ ಬೇಕು’ ಎಂಬ ನಂಬಿಕೆ ಇನ್ನಷ್ಟು ಬಲಿಯುತ್ತದೆ.

ನಿಮ್ಮ ಪತ್ರದಲ್ಲಿ ಹಾದುಹೋಗುವಂತೆ ಬಂದಿರುವ ಒಂದು ಮಾತಿನ ಹತ್ತಿರ ನಾನು ಸ್ವಲ್ಪ ನಿಲ್ಲುತ್ತೇನೆ. ಸಿಗರೇಟಿನ ತಂಬಾಕು ಅರ್ಧ ಉದುರಿಸಿ ಗಾಂಜಾ ಬೆರೆಸುವುದು. ಅಂದರೆ ಉಳಿದರ್ಧ ತಂಬಾಕು ಒಳಗೇ ಇದೆ. ನಿಕೋಟಿನ್ ಎಚ್ಚರಿಸುವ ವಸ್ತು. ಮೇಲಾಗಿ ಸುಮಾರು ಎರಡು ತಾಸಿನಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುವುದರಿಂದ, ಅದಕ್ಕೆ ಒಗ್ಗಿದವರ ಮಿದುಳು ನಡುರಾತ್ರಿ ಮತ್ತೆ ಅದನ್ನು ಕೇಳುತ್ತದೆ. ನಿದ್ದೆಗೆಂದು ಹಚ್ಚಿದ ಅದೇ ಸಿಗರೇಟಿನಲ್ಲಿ ನಿದ್ದೆ ತರುವ ವಸ್ತುವೂ ನಿದ್ದೆ ಕೆಡಿಸುವ ವಸ್ತುವೂ ಒಟ್ಟಿಗೆ ಉರಿಯುತ್ತವೆ. ‘ನಾನು ಸಿಗರೇಟು ಸೇದುವುದಿಲ್ಲ ಸರ್, ಬರೇ ಸೊಪ್ಪು’ ಎನ್ನುವ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ತಂಬಾಕಿಗೂ ಅಂಟಿಕೊಂಡಿರುತ್ತಾರೆ. ಗಾಂಜಾ ಬಿಟ್ಟ ಮೊದಲ ದಿನಗಳ ಸಿಡುಕು, ಚಡಪಡಿಕೆಯಲ್ಲಿ ಒಂದು ಪಾಲು ತಂಬಾಕಿನದೂ ಇರುತ್ತದೆ.

ಹಾಗಾದರೆ ಸಂಶೋಧನೆಗಳು ವಿದ್ಯಾರ್ಥಿಗಳ ಬಗ್ಗೆ ಏನು ಹೇಳುತ್ತವೆ? ನಿದ್ದೆಯ ಗುಣಮಟ್ಟ ಅಳೆಯಲು ಜಗತ್ತಿನಾದ್ಯಂತ ಹೆಚ್ಚಾಗಿ ಬಳಸುವುದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 1989ರಲ್ಲಿ ಪ್ರಕಟವಾದ ಪ್ರಶ್ನಾವಳಿ. ಅದು ಕಳೆದ ಒಂದು ತಿಂಗಳ ನಿದ್ದೆಯನ್ನು ಏಳು ಬಗೆಯಲ್ಲಿ ಕೇಳುತ್ತದೆ: ನಿದ್ದೆ ಹೇಗಾಯಿತು ಎಂದು ನಿಮಗೇ ಅನಿಸುವುದು, ಹತ್ತಲು ಹಿಡಿದ ಸಮಯ, ಒಟ್ಟು ತಾಸು, ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನಿಜವಾದ ನಿದ್ದೆಯ ಪಾಲು, ನಡುವಿನ ಅಡಚಣೆಗಳು, ನಿದ್ದೆಗೆಂದು ತೆಗೆದುಕೊಂಡ ಔಷಧಿ ಮತ್ತು ಹಗಲಿನ ತೂಕಡಿಕೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 21. ಐದನ್ನು ಮೀರಿದರೆ ನಿದ್ದೆ ಕಳಪೆ ಎಂದು ಲೆಕ್ಕ. ಇಲ್ಲಿ ಅಂಕ ಕಡಿಮೆ ಬಂದಷ್ಟೂ ಒಳ್ಳೆಯದು, ನಿಮ್ಮ ಸೆಮಿಸ್ಟರಿನ ಹಾಗಲ್ಲ. ಈ ಏಳರಲ್ಲಿ ಗಾಂಜಾ ಸುಧಾರಿಸುತ್ತೇನೆಂದು ಭರವಸೆ ಕೊಡುವುದು ಮುಖ್ಯವಾಗಿ ಎರಡನೆಯದನ್ನು, ಅಂದರೆ ಹತ್ತಲು ಹಿಡಿಯುವ ಸಮಯವನ್ನು. ವಿದ್ಯಾರ್ಥಿ ಮಾತ್ರ ಅದೊಂದನ್ನೇ ನೋಡಿ ಇಡೀ ರಾತ್ರಿಗೆ ಪಾಸು ಅಂಕ ಕೊಟ್ಟುಬಿಡುತ್ತಾನೆ.

ಅಮೆರಿಕದಲ್ಲಿ 20ರಿಂದ 59 ವರ್ಷದ ಸುಮಾರು 21,700 ಜನರ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು ಪರಿಶೀಲಿಸಿ 2021ರ ಕೊನೆಯಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇತ್ತೀಚೆಗೆ ಗಾಂಜಾ ಬಳಸಿದವರು ಬಳಸದವರಿಗಿಂತ ತೀರ ಕಡಿಮೆ ನಿದ್ದೆ ಮಾಡುವ ಸಂಭವ ಶೇ. 34ರಷ್ಟು, ತೀರ ಹೆಚ್ಚು ಮಲಗುವ ಸಂಭವ ಶೇ. 56ರಷ್ಟು ಹೆಚ್ಚಾಗಿ ಕಂಡಿತು. ಅಂದರೆ ಬಳಸುವವರ ನಿದ್ದೆ ಹದ ತಪ್ಪಿ ಎರಡೂ ಅಂಚಿಗೆ ಸರಿದಿತ್ತು. ಆದರೆ ಇಂಥ ಅಂಕಿಗಳನ್ನು ಹಿಡಿದು ‘ನೋಡಿ, ಗಾಂಜಾದಿಂದಲೇ ನಿದ್ದೆ ಕೆಟ್ಟಿತು’ ಎಂದು ಕೂಗುವುದು ಪ್ರಾಮಾಣಿಕವಾಗದು. ನಿದ್ದೆ ಬಾರದವರೇ ಗಾಂಜಾದ ಕಡೆಗೆ ಹೋಗಿರಬಹುದು. ನಿಮ್ಮ ಕಥೆಯೂ ಆರಂಭವಾದದ್ದು ಹಾಗೆಯೇ. ಆತಂಕ, ಖಿನ್ನತೆ, ಮದ್ಯ, ತಂಬಾಕು ಎರಡರ ಹಿಂದೆಯೂ ಇರಬಹುದು. ನನ್ನ ಅಭಿಪ್ರಾಯದಲ್ಲಿ ದಾರಿ ಎರಡೂ ಕಡೆಗೆ ಓಡುತ್ತದೆ: ಕೆಟ್ಟ ನಿದ್ದೆ ವಿದ್ಯಾರ್ಥಿಯನ್ನು ಗಾಂಜಾಕ್ಕೆ ಒಯ್ಯುತ್ತದೆ, ದಿನನಿತ್ಯದ ಗಾಂಜಾ ಕೆಟ್ಟ ನಿದ್ದೆಯನ್ನು ಕಾಯಂ ಮಾಡುತ್ತದೆ. ಎಂದೋ ಒಮ್ಮೆ ಸೇದುವವರಿಗಿಂತ ದಿನಾ ಸೇದುವವರಲ್ಲಿ ನಿದ್ದೆಯ ದೂರುಗಳು ಹೆಚ್ಚು ಎಂಬುದು ಈ ಎರಡನೆಯ ದಾರಿಯ ಕಡೆಗೆ ಬೊಟ್ಟು ಮಾಡುತ್ತದೆ.

ನಿಮ್ಮ ರೂಮಿನಲ್ಲಿ ಮುಂದಿನ ವಾದ ಏನು ಬರುತ್ತದೆ ಎಂಬುದನ್ನು ನಾನು ಊಹಿಸಬಲ್ಲೆ, ಏಕೆಂದರೆ ಪ್ರತಿ ತಿಂಗಳೂ ಅದನ್ನು ಕೇಳುತ್ತೇನೆ. ಇದು ಗಿಡದಿಂದ ಬಂದದ್ದು, ಸಾಧುಗಳು ಚಿಲುಮೆಯಲ್ಲಿ ಸೇದುತ್ತಾರೆ, ಶಿವರಾತ್ರಿಗೆ ಭಂಗಿ ಕುಡಿಯುತ್ತಾರೆ, ವಿದೇಶಗಳಲ್ಲಿ ಡಾಕ್ಟರೇ ಬರೆದು ಕೊಡುತ್ತಾರೆ ಎಂಬುದು. ದತ್ತೂರಿಯೂ ಗಿಡವೇ. ವರ್ಷಕ್ಕೊಮ್ಮೆ ಭಂಗಿ ಕುಡಿದವನ ಮಿದುಳಿನಲ್ಲಿ ಗ್ರಾಹಕಗಳು ಕಡಿಮೆಯಾಗುವುದಿಲ್ಲ, ದಿನಾ ಸೇದುವವನಲ್ಲಿ ಆಗುತ್ತವೆ. ವಿದೇಶಗಳಲ್ಲಿ ಕೆಲವು ಬಗೆಯ ಮೂರ್ಛೆರೋಗಕ್ಕೆ, ಕ್ಯಾನ್ಸರ್ ಚಿಕಿತ್ಸೆಯ ವಾಂತಿಗೆ ಇದರ ಕೆಲವು ಅಂಶಗಳನ್ನು ಅಳತೆ ಮಾಡಿ ಔಷಧಿಯಾಗಿ ಕೊಡುವುದು ನಿಜ. ಮೂರ್ಛೆರೋಗಕ್ಕೆ ಬಳಸುವುದು ಅಮಲು ತರದ ಸಿಬಿಡಿ ಎಂಬ ಬೇರೆಯೇ ವಸ್ತು. ನಿದ್ದೆಯ ವಿಷಯಕ್ಕೆ ಬಂದರೆ, ಮಲಗಿದಾಗ ಉಸಿರುಕಟ್ಟುವ ಕಾಯಿಲೆಗೆ ಗಾಂಜಾದ ಔಷಧಿ ಬಳಸಬಾರದು ಎಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯೇ 2018ರಲ್ಲಿ ಹೇಳಿದೆ. ಕಾಗದದ ಪೊಟ್ಟಣದಲ್ಲಿ ನಿಮ್ಮ ಕೈಗೆ ಬರುವ ಮಾಲಿನಲ್ಲಿ ಟಿಎಚ್‌ಸಿ ಎಷ್ಟಿದೆ ಎಂಬುದು ಕೊಟ್ಟವನಿಗೂ ಗೊತ್ತಿಲ್ಲ.

ಕಾನೂನಿನ ಬಗ್ಗೆ ನೀವು ಕೇಳಿಲ್ಲವಾದರೂ ಎರಡು ಮಾತು ಹೇಳಬೇಕು, ಏಕೆಂದರೆ ಹಾಸ್ಟೆಲುಗಳಲ್ಲಿ ಒಂದು ತಪ್ಪು ತಿಳಿವಳಿಕೆ ಓಡಾಡುತ್ತಿದೆ. 1985ರ ಮಾದಕವಸ್ತು ಕಾಯ್ದೆಯಲ್ಲಿ ಒಂದು ಕಿಲೋವರೆಗಿನ ಗಾಂಜಾವನ್ನು ‘ಅಲ್ಪ ಪ್ರಮಾಣ’ ಎನ್ನಲಾಗಿದೆ. ಇದನ್ನು ಕೇಳಿ ‘ಅಷ್ಟರವರೆಗೆ ನಡೆಯುತ್ತದೆ’ ಎಂದು ತಿಳಿದವರಿದ್ದಾರೆ. ನಡೆಯುವುದಿಲ್ಲ. ಅಲ್ಪ ಪ್ರಮಾಣ ಇಟ್ಟುಕೊಂಡರೂ ಒಂದು ವರ್ಷದವರೆಗೆ ಕಠಿಣ ಸಜೆ, ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಸೇವಿಸಿದ್ದಕ್ಕೇ ಆರು ತಿಂಗಳವರೆಗೆ ಸಜೆ ಇದೆ. ಅದೇ ಕಾಯ್ದೆಯ 64ಎ ಕಲಂ, ಚಟಕ್ಕೆ ಸಿಕ್ಕು ಇಂಥ ಸಣ್ಣ ಪ್ರಕರಣದಲ್ಲಿ ಆರೋಪಿಯಾದವನು ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಆದ್ದರಿಂದ ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆ ಎಂಬ ಅಂಜಿಕೆಯಿಂದ ಚಿಕಿತ್ಸೆಯನ್ನು ಮುಂದೂಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರ ಗೋಪ್ಯವಾಗಿರಬೇಕೆಂಬ ಹಕ್ಕನ್ನೂ ಕೊಟ್ಟಿದೆ. ಜೀವಕ್ಕೆ ಅಪಾಯವಿರುವಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ನಿಮ್ಮ ಕಾಲೇಜಿಗಾಗಲಿ ಮನೆಗಾಗಲಿ ವೈದ್ಯರು ಹೇಳುವಂತಿಲ್ಲ.

ಈಗ ಪರೀಕ್ಷೆಯ ಪ್ರಶ್ನೆ. ಏಳು ವಾರಗಳಿವೆ ಎಂದಿದ್ದೀರಿ. ದಿನಾ ಸೇದುವವರು ಪೂರ್ತಿ ನಿಲ್ಲಿಸಿದಾಗ ಕಡಿಮೆಯಾಗಿದ್ದ ಗ್ರಾಹಕಗಳು ಎರಡು ದಿನದಿಂದಲೇ ಮರಳತೊಡಗಿ, ಸುಮಾರು ನಾಲ್ಕು ವಾರಗಳಲ್ಲಿ ಹೆಚ್ಚುಕಡಿಮೆ ಸಹಜ ಮಟ್ಟಕ್ಕೆ ಬರುವುದನ್ನು ಮಿದುಳಿನ ಚಿತ್ರಣದ ಅಧ್ಯಯನಗಳು ತೋರಿಸಿವೆ. ಈ ವಾರ ಬಿಟ್ಟರೆ ಕೆಟ್ಟ ರಾತ್ರಿಗಳು ಪರೀಕ್ಷೆಗೆ ಐದು ವಾರ ಮೊದಲೇ ಕಳೆದುಹೋಗುತ್ತವೆ. ಪರೀಕ್ಷೆ ಹತ್ತಿರ ಬಂದಾಗ ಹೆದರಿ ಬಿಟ್ಟರೆ ಅವೇ ರಾತ್ರಿಗಳು ಮೊದಲ ಪೇಪರಿನ ಹಿಂದಿನ ರಾತ್ರಿಗೆ ಬಂದು ಕೂಡುತ್ತವೆ. ಬಿಡದೆಯೇ ಬರೆದರೆ, ಹೊಸದನ್ನು ನೆನಪಿನಲ್ಲಿ ಇರಿಸಿಕೊಳ್ಳುವ ಶಕ್ತಿಯನ್ನು ಟಿಎಚ್‌ಸಿ ಕುಗ್ಗಿಸುವುದರಿಂದ, ರಾತ್ರಿ ಒಂದರವರೆಗೆ ಓದಿ ಕೂಡಲೇ ಸೇದುವುದು ಗದ್ದೆಗೆ ನೀರು ಬಿಟ್ಟು ಒಡ್ಡು ಕಡಿದಂತೆ. ಮೂರರಲ್ಲಿ ಮೊದಲ ಲೆಕ್ಕವೇ ಸರಿ ಎಂದು ನನಗೆ ಅನಿಸುತ್ತದೆ.

ಹೆಂಡವನ್ನು ಥಟ್ಟನೆ ಬಿಟ್ಟಾಗ ಕೆಲವರಿಗೆ ಫಿಟ್ಸ್ ಬರುವ ಹಾಗೆ ಗಾಂಜಾ ಬಿಟ್ಟಾಗ ಜೀವಕ್ಕೆ ಅಪಾಯವಾಗುವುದಿಲ್ಲ. ದಿನವಿಡೀ ನಾಲ್ಕೈದು ಬಾರಿ ಸೇದುವವರಾಗಿದ್ದರೆ ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಿ ಎನ್ನುತ್ತಿದ್ದೆ. ರಾತ್ರಿಗೆ ಒಂದೆರಡು ಎನ್ನುವ ನೀವು ಒಂದು ದಿನ ಗೊತ್ತು ಮಾಡಿ ಪೂರ್ತಿ ನಿಲ್ಲಿಸುವುದು ಒಳ್ಳೆಯದು. ಶುಕ್ರವಾರ ನಿಲ್ಲಿಸಿದರೆ ಮೊದಲ ಕೆಟ್ಟ ರಾತ್ರಿಗಳು ಶನಿವಾರ, ರವಿವಾರಕ್ಕೆ ಬರುತ್ತವೆ. ಪೊಟ್ಟಣ, ಕಾಗದ, ಲೈಟರು ಅದೇ ದಿನ ರೂಮಿನಿಂದ ಹೊರಗೆ ಹೋಗಬೇಕು. ಗೆಳೆಯರು ಬಿಡುತ್ತಾರೋ ಇಲ್ಲವೋ ಅದು ಅವರ ವಿಚಾರ, ಆದರೆ ಒಂದು ತಿಂಗಳು ರೂಮಿನಲ್ಲಿ ಸೇದಬೇಡಿರಿ ಎಂದು ಅವರನ್ನು ಕೇಳುವ ಹಕ್ಕು ಬಾಡಿಗೆಯಲ್ಲಿ ಮೂರನೆಯ ಪಾಲು ಕೊಡುವ ನಿಮಗಿದೆ. ಅದಕ್ಕೂ ಒಪ್ಪದಿದ್ದರೆ ಎರಡು ವಾರ ಬೇರೆ ಕಡೆ ಮಲಗುವ ವ್ಯವಸ್ಥೆ ಮಾಡಿಕೊಳ್ಳಿ.

ನಿದ್ದೆಯನ್ನು ಮರಳಿ ಕಟ್ಟಲು ಮಾತ್ರೆಗಿಂತ ಮೊದಲು ಬಳಸಬೇಕಾದ ಚಿಕಿತ್ಸೆ ಒಂದಿದೆ. ನಿದ್ರಾಹೀನತೆಗೆಂದೇ ರೂಪಿಸಿದ, ಮಲಗುವ ಏಳುವ ಅಭ್ಯಾಸಗಳನ್ನು ತಿದ್ದುವ ಈ ವರ್ತನಾ ಚಿಕಿತ್ಸೆಯನ್ನೇ ಮೊದಲ ಆಯ್ಕೆಯಾಗಿ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಶಿಫಾರಸು ಮಾಡಿತು. ಅದರ ಜೀವಾಳ ಏಳುವ ಸಮಯದಲ್ಲಿದೆ. ರಾತ್ರಿ ಹೇಗೇ ಕಳೆದಿರಲಿ, ಬೆಳಿಗ್ಗೆ ಏಳಕ್ಕೆ ಏಳಲೇಬೇಕು, ರವಿವಾರವೂ. ಎದ್ದ ಅರ್ಧ ತಾಸಿನೊಳಗೆ ಬಿಸಿಲಿಗೆ ಬನ್ನಿ. ಕೋಟೆ ಕೆರೆಯ ದಂಡೆಯಲ್ಲಿ ಒಂದು ಸುತ್ತು ನಡೆದರೂ ಸಾಕು, ದೇಹದ ಗಡಿಯಾರಕ್ಕೆ ಕೀಲಿ ಕೊಟ್ಟಂತಾಗುತ್ತದೆ. ಮಧ್ಯಾಹ್ನದ ಎರಡು ತಾಸಿನ ನಿದ್ದೆ ಸಂಪೂರ್ಣ ಬಂದ್ ಆಗಬೇಕು, ಏಕೆಂದರೆ ಅದು ರಾತ್ರಿಗೆಂದು ಕೂಡಿಡಬೇಕಾದ ನಿದ್ದೆಯ ಒತ್ತಡವನ್ನು ಹಗಲಿನಲ್ಲಿಯೇ ಖರ್ಚು ಮಾಡಿಬಿಡುತ್ತದೆ. ಮೊದಲ ಎರಡು ವಾರ ರಾತ್ರಿ ಹನ್ನೆರಡೂವರೆಗೆ ಮೊದಲು ಹಾಸಿಗೆಗೆ ಹೋಗಬೇಡಿ. ಬೇಗ ಹೋಗಿ ಹೊರಳಾಡುವುದಕ್ಕಿಂತ ಕಡಿಮೆ ಹೊತ್ತು ಮಲಗಿ ಗಟ್ಟಿಯಾಗಿ ನಿದ್ದೆ ಮಾಡುವುದು ಇಲ್ಲಿಯ ತಂತ್ರ. ನಿದ್ದೆ ಕೂಡಿಕೊಳ್ಳತೊಡಗಿದ ಮೇಲೆ ವಾರಕ್ಕೆ ಹದಿನೈದು ಇಪ್ಪತ್ತು ನಿಮಿಷ ಹಿಂದಕ್ಕೆ ಸರಿಸುತ್ತ ಬನ್ನಿ.

ಹಾಸಿಗೆಯ ವಿಷಯದಲ್ಲಿ ವಿದ್ಯಾರ್ಥಿಗಳ ರೂಮಿನದು ಬೇರೆಯೇ ಕಷ್ಟ. ಆ ಒಂದು ಕಾಟಿನ ಮೇಲೆಯೇ ಓದು, ಊಟ, ಲ್ಯಾಪ್‌ಟಾಪು, ಜಗಳ, ಎಲ್ಲವೂ. ಹಾಗಾದಾಗ ಹಾಸಿಗೆ ಕಂಡರೆ ಮಿದುಳಿಗೆ ನಿದ್ದೆಯ ನೆನಪಾಗುವುದಿಲ್ಲ. ಮೂಲೆಯಲ್ಲಿ ಒಂದು ಚಾಪೆ ಹಾಸಿ ಓದು ಮತ್ತು ಮೊಬೈಲನ್ನು ಅಲ್ಲಿಗೆ ಸೀಮಿತಗೊಳಿಸಿ. ಮಲಗಿ ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ, ಗಡಿಯಾರ ನೋಡದೆ ಎದ್ದು, ಕೌದಿ ಹೊದ್ದುಕೊಂಡು ಅದೇ ಚಾಪೆಯ ಮೇಲೆ ಮಂದ ಬೆಳಕಿನಲ್ಲಿ ಏನಾದರೂ ಬೇಸರ ತರಿಸುವ ಪುಸ್ತಕ ಓದಿ, ಕಣ್ಣು ಎಳೆದಾಗ ಮಾತ್ರ ಮರಳಿ ಹೋಗಿ. ಚಹಾದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು. ರಾತ್ರಿ ಹತ್ತರ ಚಹಾದ ಅರ್ಧ ಭಾಗ ನಸುಕಿನ ಮೂರಕ್ಕೂ ಎಚ್ಚರವಾಗಿರುತ್ತದೆ. ಮಧ್ಯಾಹ್ನದ ಊಟದ ನಂತರ ಚಹಾ ಬೇಡ. ಗಾಂಜಾ ಬಿಟ್ಟ ಜಾಗಕ್ಕೆ ಬಿಯರನ್ನು ತಂದು ಕೂರಿಸಬೇಡಿ, ಔಷಧಿ ಅಂಗಡಿಯಲ್ಲಿ ಗೆಳೆಯನ ಹೆಸರಿನ ಚೀಟಿ ತೋರಿಸಿ ನಿದ್ದೆ ಮಾತ್ರೆ ತರಬೇಡಿ. ಒಂದು ಚಟ ಬಿಡಿಸಲು ಬಂದು ಇನ್ನೊಂದನ್ನು ಹತ್ತಿಸಿ ಹೋಗುವ ಮಾತ್ರೆಗಳು ಅವು. ಕನಸುಗಳು ಬೀಳುತ್ತವೆ. ಮೊದಲ ವಾರ ಭಯಂಕರವಾಗಿಯೇ ಬೀಳುತ್ತವೆ, ನಂತರ ಮಂಕಾಗುತ್ತ ಹೋಗುತ್ತವೆ. ಒಂದು ವಹಿಯಲ್ಲಿ ದಿನಾ ಬೆಳಿಗ್ಗೆ ಮಲಗಿದ ಸಮಯ, ಎದ್ದ ಸಮಯ, ನಿದ್ದೆ ಆಯಿತೇ ಇಲ್ಲವೇ, ಇಷ್ಟು ಬರೆದಿಡಿ. ಹದಿನೈದನೆಯ ದಿನದ ಸಾಲನ್ನು ಐದನೆಯ ದಿನದ ಸಾಲಿನ ಪಕ್ಕ ಇಟ್ಟು ನೋಡಿದಾಗ ನಾನು ಹೇಳಿದ್ದಕ್ಕಿಂತ ಹೆಚ್ಚು ನಂಬಿಕೆ ಬರುತ್ತದೆ.

ಹೀಗೆ ನಾಲ್ಕೈದು ವಾರ ಪ್ರಯತ್ನಿಸಿದ ಮೇಲೂ ನಿದ್ದೆ ಹತ್ತದಿದ್ದರೆ, ಆಗ ನಿಮ್ಮ ಮೊದಲ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳೋಣ. ಒಳಗೆ ಆತಂಕವೋ ಖಿ‌ನ್ನತೆಯೋ ಅವಿತಿರಬಹುದು, ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಆದರೆ ಕೆಲವು ಲಕ್ಷಣಗಳಿಗೆ ಅಷ್ಟು ದಿನ ಕಾಯಬಾರದು. ಯಾರೋ ನನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ, ಹಿಂಬಾಲಿಸುತ್ತಿದ್ದಾರೆ ಎಂಬ ಅನುಮಾನ, ಯಾರೂ ಇಲ್ಲದಾಗ ಕೇಳಿಸುವ ದನಿಗಳು, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಮೈತುಂಬ ಹುರುಪು, ಬದುಕು ಸಾಕು ಎಂಬ ಯೋಚನೆ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ವೈದ್ಯರನ್ನು ನೋಡಿ. ಮನೆತನದಲ್ಲಿ ಯಾರಿಗಾದರೂ ತೀವ್ರ ಮಾನಸಿಕ ಕಾಯಿಲೆ ಇದ್ದವರಿಗೆ ಗಾಂಜಾ ಇನ್ನಷ್ಟು ಅಪಾಯಕಾರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ವ್ಯಸನಮುಕ್ತಿಗೆಂದೇ 14446 ಇದೆ. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿ.

ಕೊನೆಯದಾಗಿ, ಅವ್ವನಿಗೆ ಹೇಳಬೇಕೇ ಎಂದು ಕೇಳಿದ್ದೀರಿ. ಚಿಕಿತ್ಸೆಗೆ ಅದು ಕಡ್ಡಾಯವಲ್ಲ, ನಿಮ್ಮ ಪರವಾಗಿ ನಾನಂತೂ ಹೇಳಲಾರೆ. ಆದರೆ ನಸುಕಿನಲ್ಲಿ ಮಗ ಚೀರಿದ್ದನ್ನು ಕೇಳಿದ ತಾಯಿ ಇಂದಿಗೂ ಅದಕ್ಕೆ ಏನೇನೋ ಕಾರಣ ಹುಡುಕುತ್ತ ಕುಳಿತಿರುತ್ತಾರೆ, ಬಹುಶಃ ಇನ್ನೊಂದು ಗುಡಿಗೆ ಹರಕೆಯನ್ನೂ ಹೊತ್ತಿರುತ್ತಾರೆ. ಎಲ್ಲವನ್ನೂ ಈಗಲೇ ಹೇಳುವ ಧೈರ್ಯ ಬಾರದಿದ್ದರೆ, ನಿದ್ದೆಯ ತೊಂದರೆಗೆ ಡಾಕ್ಟರ ಸಲಹೆ ತೆಗೆದುಕೊಳ್ಳುತ್ತಿದ್ದೇನೆ ಎಂಬಷ್ಟನ್ನಾದರೂ ಫೋನು ಮಾಡಿ ಹೇಳಿ. ಉಳಿದದ್ದನ್ನು ಸಂಕ್ರಾಂತಿಗೆ ಊರಿಗೆ ಹೋದಾಗ, ಹತ್ತು ರಾತ್ರಿ ನೆಟ್ಟಗೆ ಮಲಗಿ ಎದ್ದ ಮೇಲೆ ಹೇಳುವಿರಂತೆ.